ತಲೆಯ ಪೆಟ್ಟು ಮಾಸಿದ ಮೇಲೂ ಉಳಿಯುವ ಬಾಧೆ: ಮನೋಚಿಕಿತ್ಸೆಯ ಕ್ರಮ

ಸ್ಕೂಟರಿನಿಂದ ಉರುಳಿಯೋ ಬಚ್ಚಲಿನಲ್ಲಿ ಕಾಲು ಜಾರಿಯೋ ತಲೆಗೆ ಪೆಟ್ಟು ತಗುಲಿಸಿಕೊಂಡು, ಕ್ಷಣಕಾಲ ಕಣ್ಣು ಕತ್ತಲಿಟ್ಟು, ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿ, ‘ಏನೂ ತೊಂದರೆಯಿಲ್ಲ, ಮನೆಗೆ ಹೋಗಿ’ ಎನ್ನಿಸಿಕೊಂಡು ಬಂದವರಲ್ಲಿ ಬಹುಮಂದಿ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ತಿಂಗಳಲ್ಲಿ, ಮೊದಲಿನಂತಾಗುತ್ತಾರೆ. ಉಳಿದ ಕೆಲವರಿಗೆ ಮಾತ್ರ ತಲೆನೋವು, ತಲೆಸುತ್ತು, ಆಯಾಸ, ನಿದ್ರಾಭಂಗ, ಮರೆವು, ಮುಂಗೋಪ, ಬೆಳಕನ್ನೂ ಸದ್ದನ್ನೂ ತಾಳಲಾರದ ಅಸಹನೆ, ಇವು ಗಾಯವೇ ಕಾಣದ ತಲೆಯಲ್ಲಿ ಬೀಡುಬಿಟ್ಟು ಕೂರುತ್ತವೆ. ವೈದ್ಯರು ಕನ್‌ಕಷನ್ ಎನ್ನುವ ಈ ಆಘಾತದಲ್ಲಿ ಮೆದುಳಿನ ಕಾರ್ಯ ಕೆಲಕಾಲ ಅಸ್ತವ್ಯಸ್ತವಾಗುವುದೇ ಹೊರತು ಸ್ಕ್ಯಾನಿನಲ್ಲಿ ತೋರುವಂಥ ಹಾನಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಮನೆಯವರಿಗೆ ರೋಗಿಯ ಮಾತಿನಲ್ಲಿ ನಂಬಿಕೆ ಹುಟ್ಟದು, ರೋಗಿಗೆ ಸ್ಕ್ಯಾನಿನ ಮಾತಿನಲ್ಲಿ ನಂಬಿಕೆ ಹುಟ್ಟದು.

ಇಂಥವರಿಗೆ ಮನಶ್ಶಾಸ್ತ್ರಜ್ಞರನ್ನು ಕಾಣಿರೆಂದರೆ, ‘ಹಾಗಾದರೆ ನನ್ನ ನೋವೆಲ್ಲ ಬರಿಯ ಭ್ರಮೆಯೇ?’ ಎಂದು ಅವರು ನೊಂದುಕೊಳ್ಳುವುದುಂಟು. ಭ್ರಮೆಯಲ್ಲ. ನೋವು ನಿಜವಾದದ್ದೇ; ಆದರೆ ಅದನ್ನು ಹುಟ್ಟಿಸಿದ ಕಾರಣ ಬೇರೆ, ಉಳಿಸಿಕೊಂಡಿರುವ ಕಾರಣ ಬೇರೆ ಇರಬಹುದೆಂಬುದೇ ಈ ಚಿಕಿತ್ಸೆಯ ಮೂಲತತ್ತ್ವ. ಅಮೆರಿಕದ ಮನಶ್ಶಾಸ್ತ್ರಜ್ಞ ವೈಲಿ ಮಿಟನ್‌ಬರ್ಗ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎಂದೂ ತಲೆಗೆ ಪೆಟ್ಟು ಬೀಳದವರನ್ನು ಕರೆದು, ಬಿದ್ದಿದ್ದರೆ ಏನೇನಾಗುತ್ತಿತ್ತೆಂದು ಊಹಿಸಿ ಹೇಳಿರೆಂದಾಗ, ಅವರ ಪಟ್ಟಿ ನಿಜವಾದ ರೋಗಿಗಳ ಪಟ್ಟಿಯನ್ನು ಬಹುಮಟ್ಟಿಗೆ ಹೋಲಿತು. ರೋಗಿಗಳಾದರೋ ಅಪಘಾತಕ್ಕೆ ಮುಂಚೆ ತಮಗಿದ್ದ ಸಣ್ಣಪುಟ್ಟ ತಲೆನೋವು ಮರೆವುಗಳನ್ನು ಇದ್ದುದಕ್ಕಿಂತ ಕಡಿಮೆಯಾಗಿ ನೆನಪಿಸಿಕೊಂಡರು. ಬಾಧೆ ಉಳಿಯುವುದರಲ್ಲಿ ನಿರೀಕ್ಷೆಗೂ ಪಾಲಿರಬಹುದೆಂಬುದು ಇದರ ಸಾರ. ‘ಮೊದಲು ನಾನು ಏನನ್ನೂ ಮರೆಯುತ್ತಿರಲಿಲ್ಲ’ ಎಂಬ ಮಾತನ್ನು ಹೇಳುವಾಗ ನಾವು ಬೀಗದಕೈಗಾಗಿ ಮನೆಯೆಲ್ಲ ಹುಡುಕಿದ ಹಳೆಯ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊದಲು ಮಾಡತಕ್ಕದ್ದು ದೇಹಪರೀಕ್ಷೆ. ಪೆಟ್ಟು ಬಿದ್ದ ಮೊದಲ ದಿನಗಳಲ್ಲಿ ಪದೇಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಚ್ಚರಿಸಲಾಗದ ಮಂಪರು, ಫಿಟ್ಸ್, ಕೈಕಾಲಿನ ದೌರ್ಬಲ್ಯ, ಮೂಗು ಕಿವಿಗಳಿಂದ ತಿಳಿನೀರು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಈ ಲಕ್ಷಣಗಳಿಗಾಗಿ ಕಾಯಲೇಬಾರದು. ತಿಂಗಳು ಕಳೆದ ಮೇಲೂ ತಲೆಸುತ್ತು ಇದ್ದರೆ ಒಳಗಿವಿಯ ಸಮತೋಲನವನ್ನೂ, ಕತ್ತಿನ ಉಳುಕನ್ನೂ ಪರೀಕ್ಷಿಸಿಕೊಳ್ಳಬೇಕು. ಏಕೆಂದರೆ ಇವಕ್ಕೆ ಬೇರೆಯೇ ವ್ಯಾಯಾಮಗಳಿವೆ. ನೋವಿನ ಮಾತ್ರೆಯ ಲೆಕ್ಕವನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಪ್ಯಾರಾಸಿಟಮಾಲ್‌ನಂಥದನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು ನುಂಗುವ ಅಭ್ಯಾಸ ಮೂರು ತಿಂಗಳು ಮೀರಿ ನಡೆದರೆ ಆ ಮಾತ್ರೆಯೇ ತಲೆನೋವನ್ನು ತರತೊಡಗಬಹುದು.

ಎರಡನೆಯದು, ತಕ್ಕವರನ್ನು ಹುಡುಕುವುದು. ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆ, ಮನೋವೈದ್ಯಕೀಯ, ಮನಶ್ಶಾಸ್ತ್ರ ಮೂರೂ ಒಂದೇ ಆವರಣದಲ್ಲಿರುವುದು ಈ ತೊಂದರೆಯವರಿಗೆ ದೊಡ್ಡ ಅನುಕೂಲ. ಮನಶ್ಶಾಸ್ತ್ರಜ್ಞರು ನಡೆಸುವ, ಅರಿವು–ವರ್ತನೆ ಚಿಕಿತ್ಸೆಯೆಂಬ ಈ ಕ್ರಮ ಸಾಮಾನ್ಯವಾಗಿ ವಾರಕ್ಕೊಂದು ಭೇಟಿಯಂತೆ ಎರಡು ಮೂರು ತಿಂಗಳು ನಡೆಯುತ್ತದೆ.

ಮೂರನೆಯದು ದಿನಚರಿ. ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು, ಮಾಡಿದ ಕೆಲಸ, ಬಾಧೆಗೆ ಹತ್ತರಲ್ಲಿ ಎಷ್ಟು ಅಂಕ, ಆಗ ಮನಸ್ಸಿಗೆ ಬಂದ ಮಾತು, ಇಷ್ಟನ್ನೇ ಬರೆಯಿರಿ. ‘ಬೆಳಗ್ಗೆ 11, ಬ್ಯಾಂಕಿನಲ್ಲಿ ಸರದಿ, ತಲೆಸುತ್ತು 6, ಮೆದುಳಿಗೆ ಮತ್ತೆ ಏನೋ ಆಯಿತು’ ಎಂಬಂತೆ. ಎರಡು ವಾರದ ಪುಟಗಳನ್ನು ತಿರುವಿದರೆ ಬಹುಪಾಲು ಜನರಲ್ಲಿ ಎರಡರಲ್ಲೊಂದು ಚಾಳಿ ಕಣ್ಣಿಗೆ ಬೀಳುತ್ತದೆ: ಚೆನ್ನಾಗಿದ್ದ ದಿನ ಮನೆಯ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸಿ ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು, ಇಲ್ಲವೆ ಬಾಧೆಯ ಭಯದಿಂದ ಒಂದೊಂದೇ ಕೆಲಸವನ್ನು ಬಿಡುತ್ತ ಬರುವುದು.

ಮೊದಲನೆಯ ಚಾಳಿಗೆ ಮದ್ದು ಮಿತಿ. ಕೆಟ್ಟ ದಿನದಲ್ಲಿಯೂ ಮಾಡಲಾಗುವಷ್ಟು ಕೆಲಸವನ್ನು ಗೊತ್ತುಪಡಿಸಿಕೊಂಡು, ಒಳ್ಳೆಯ ದಿನದಲ್ಲಿ ಅದನ್ನು ಮೀರದೆ, ವಾರವಾರಕ್ಕೆ ತುಸು ಏರಿಸುವುದು. ಎರಡನೆಯದು ಕಠಿಣತರವಾದದ್ದು, ನನ್ನ ದೃಷ್ಟಿಯಲ್ಲಿ ಚಿಕಿತ್ಸೆಯ ತಿರುಳೂ ಅಲ್ಲಿಯೇ ಇದೆ. ನಮ್ಮಲ್ಲಿ ತಲೆಗೆ ಪೆಟ್ಟಾದವರನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿಸುವುದೇ ಆರೈಕೆಯೆಂಬ ನಂಬಿಕೆಯಿದೆ. ಆದರೆ 2022ರಲ್ಲಿ ಆಂಸ್ಟರ್‌ಡಾಮಿನಲ್ಲಿ ಸೇರಿದ ಕ್ರೀಡಾವೈದ್ಯರ ಸಮ್ಮೇಳನವು ಮೊದಲ ಒಂದೆರಡು ದಿನಗಳ ಹಗುರವಾದ ವಿಶ್ರಾಂತಿಯ ತರುವಾಯ ನಡಿಗೆಯಂಥ ಚಟುವಟಿಕೆಯೇ ಹಿತವೆಂದು ನಿಷ್ಕರ್ಷಿಸಿತು. ಕತ್ತಲಲ್ಲಿ ಬಹುಕಾಲ ಕಳೆದ ಕಣ್ಣಿಗೆ ಹಗಲಿನ ಬೆಳಕೇ ಚುಚ್ಚುವಂತೆ, ತಪ್ಪಿಸಿಕೊಂಡಷ್ಟೂ ಸೂಕ್ಷ್ಮತೆ ಹೆಚ್ಚುತ್ತದೆ.

ಆದ್ದರಿಂದ ಚಿಕಿತ್ಸಕರು ರೋಗಿಯೊಡನೆ ಕೂತು ಒಂದು ಏಣಿಯನ್ನು ಕಟ್ಟುತ್ತಾರೆ. ಮಿಕ್ಸಿಯ ಸದ್ದನ್ನು ತಾಳಲಾರದೆ ಅಡಿಗೆಮನೆಯನ್ನೇ ತೊರೆದ ಗೃಹಿಣಿಯೊಬ್ಬಳಿದ್ದಾಳೆಂದು ಊಹಿಸಿಕೊಳ್ಳಿ. ಆಕೆ ಮೊದಲ ವಾರ ಬಾಗಿಲು ಮುಂದೆ ಮಾಡಿಕೊಂಡು ಪಕ್ಕದ ಕೋಣೆಯಿಂದ ಅರ್ಧ ನಿಮಿಷ ಆ ಸದ್ದನ್ನು ಕೇಳುತ್ತಾಳೆ. ಮುಂದೆ ಬಾಗಿಲು ತೆರೆದು. ಆಮೇಲೆ ಅಡಿಗೆಮನೆಯಲ್ಲೇ ನಿಂತು. ಕಡೆಗೆ ಚಟ್ನಿಯನ್ನು ತಾನೇ ತಿರುವುತ್ತಾಳೆ. ಪ್ರತಿ ಮೆಟ್ಟಿಲಲ್ಲೂ ತಲೆನೋವು ಒಂದೆರಡು ಅಂಕ ಏರಬಹುದು, ಏರಲಿ; ಸ್ವಲ್ಪ ಹೊತ್ತಿನಲ್ಲಿ ಇಳಿಯುವುದನ್ನು ಕಂಡುಕೊಳ್ಳುವುದೇ ಆ ದಿನದ ಪಾಠ. ಮನೆಯೊಳಗೆ ಕಪ್ಪುಕನ್ನಡಕ, ಕಿವಿಗೆ ಹತ್ತಿ, ಇವನ್ನೂ ಹೀಗೆಯೇ ಕ್ರಮವಾಗಿ ಬಿಡಬೇಕು.

ಇದರ ಜೊತೆಗೆ ಮಾತಿನ ಪರೀಕ್ಷೆಯೂ ನಡೆಯುತ್ತದೆ. ‘ಮೆದುಳಿಗೆ ಮತ್ತೆ ಏನೋ ಆಯಿತು’ ಎಂದು ಬರೆದ ಪುಟದೆದುರು ಚಿಕಿತ್ಸಕರು, ಆ ದಿನ ಎಷ್ಟು ಗಂಟೆ ನಿದ್ರಿಸಿದ್ದಿರಿ, ತಿಂಡಿ ತಿಂದಿದ್ದಿರಾ, ಸರದಿಯಲ್ಲಿ ಎಷ್ಟು ಹೊತ್ತು ನಿಂತಿದ್ದಿರಿ ಎಂದು ಕೇಳಿ, ಬೇರೊಂದು ವಿವರಣೆಯನ್ನು ಎದುರಿಗಿಡಿಸುತ್ತಾರೆ. ನಿದ್ರೆಗೆ ನಿಯಮ ಸರಳ: ಏಳುವ ಹೊತ್ತು ಬದಲಾಗದಿರಲಿ, ಹಗಲುನಿದ್ರೆ ಬೇಡ, ಮದ್ಯ ಬೇಡ. ಅಪಘಾತದ ದೃಶ್ಯವೇ ಮರುಕಳಿಸಿ ಬೆಚ್ಚುವಂತಾದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆಯುಂಟು, ಮೊದಲ ಭೇಟಿಯಲ್ಲಿಯೇ ಹೇಳಿ. ಬದುಕೇ ಬೇಡವೆನಿಸಿದರೆ ಮುಂದಿನ ಭೇಟಿಗಾಗಿ ಕಾಯದೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಕಡೆಯ ಭೇಟಿಗಳಲ್ಲಿ ಒಂದು ಹಾಳೆ ಸಿದ್ಧವಾಗಬೇಕು. ಮದುವೆಮನೆಯ ವಾಲಗವೋ ರಾತ್ರಿಬಸ್ಸಿನ ಪ್ರಯಾಣವೋ ಬಾಧೆಯನ್ನು ಕೆರಳಿಸಿದಾಗ ಏಣಿಯಲ್ಲಿ ಎಷ್ಟು ಮೆಟ್ಟಿಲು ಇಳಿಯುವುದು, ಎಷ್ಟು ದಿನದಲ್ಲಿ ಮತ್ತೆ ಏರತೊಡಗುವುದು ಎಂಬುದು ಅದರಲ್ಲಿ ರೋಗಿಯ ಕೈಬರಹದಲ್ಲಿಯೇ ಇರಲಿ. ಆ ಹಾಳೆಯನ್ನು ಮನೆಯವರಿಗೂ ಓದಿಸಿ; ‘ಸುಮ್ಮನೆ ಮಲಗಿಕೋ’ ಎಂದು ಮೊದಲು ಹೇಳುವವರು ಅವರೇ.