ಮಲ್ಲಿಗೆ ಬಿಡಿಸುವ ಕೂಲಿ

ತಮಿಳುನಾಡಿನ ನಿಲಕ್ಕೋಟ್ಟೈ ಹೂ ಮಾರುಕಟ್ಟೆಯಲ್ಲಿ ಮಲ್ಲಿಗೆಯ ಬೆಲೆ ಏರಲಿ ಇಳಿಯಲಿ, ಬೆಳೆಗಾರರ ಬಾಯಿಂದ ಬರುವ ಮಾತು ಮಾತ್ರ ಒಂದೇ: ಬಿಡಿಸೋಕೆ ಆಳಿಲ್ಲ. ಪೊಂಗಲ್ ಹೊತ್ತಿಗೆ ಕಿಲೋ ಎರಡು ಸಾವಿರ ದಾಟಿದಾಗಲೂ ಅದೇ ಮಾತು, ಏಪ್ರಿಲ್‌ನಲ್ಲಿ ಇನ್ನೂರಕ್ಕೆ ಬಿದ್ದಾಗಲೂ ಅದೇ ಮಾತು. ಅದರ ಬೆನ್ನಿಗೇ ಕಾರಣವೂ ಬರುತ್ತದೆ. ಸರ್ಕಾರ ಅಕ್ಕಿ ಪುಕ್ಕಟೆ ಕೊಡುತ್ತದೆ, ಹೆಂಗಸರ ಖಾತೆಗೆ ತಿಂಗಳಿಗೆ ಸಾವಿರ ರೂಪಾಯಿ ಹಾಕುತ್ತದೆ, ಟೌನ್ ಬಸ್ಸಿಗೆ ದುಡ್ಡಿಲ್ಲ, ಮೇಲೆ ನೂರು ದಿನದ ಕೆಲಸ. ಇನ್ನು ಯಾರು ಬಂದು ಗಿಡದ ಮುಂದೆ ಬಗ್ಗುತ್ತಾರೆ?

ನಾನು ಕೊಳ್ಳೇಗಾಲದ ಕಡೆಯವಳು. ಕನ್ನಡ ಮಾತಾಡುವ ಗೌಂಡರ ಮನೆಗೆ ಸೊಸೆಯಾಗಿ ಈ ಸೀಮೆಗೆ ಬಂದೆ. ಮುಕ್ಕಾಲು ಎಕರೆ ಮಲ್ಲಿಗೆ ತೋಟವನ್ನು ಅತ್ತೆಯ ಕೈಯಿಂದ ಪಡೆದು ನೋಡಿಕೊಳ್ಳುತ್ತಿದ್ದೇನೆ. ಈಚೆಗೆ ತವರಿಗೆ ಹೋದರೆ ಅಲ್ಲೂ ಇದೇ ದೂರು ಕೇಳಿಸುತ್ತದೆ, ಹೆಸರು ಮಾತ್ರ ಬೇರೆ: ಅಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರದ ಮೇಲೆ ತಪ್ಪು ಹೊರಿಸುತ್ತಾರೆ, ಇಲ್ಲಿ ಉರಿಮೈ ತೊಗೈಯ ಸಾವಿರದ ಮೇಲೆ. ಎರಡೂ ಶುರುವಾದದ್ದು 2023ರಲ್ಲಿ, ಅದು ಆಗಸ್ಟ್ ಕೊನೆಗೆ, ಇದು ಸೆಪ್ಟೆಂಬರ್ ಮಧ್ಯಕ್ಕೆ. ಆದರೆ ಕೊಡಗಿನ ಕಾಫಿ ತೋಟಗಳಿಗೆ ಅಸ್ಸಾಂನಿಂದ ಆಳುಗಳು ಬರತೊಡಗಿ ಎಷ್ಟೋ ವರ್ಷಗಳಾದವು. ವೇಡಸಂದೂರಿನ ಸುತ್ತಿನ ನೂಲಿನ ಗಿರಣಿಗಳಲ್ಲಿ ಒಡಿಶಾ, ಬಿಹಾರ, ಜಾರ್ಖಂಡ್‌ನ ಹುಡುಗ ಹುಡುಗಿಯರು ತುಂಬಿಕೊಂಡದ್ದೂ ಈ ಹಣಕ್ಕಿಂತ ಮುಂಚೆಯೇ. ಆಳಿನ ಕೊರತೆ ಹಳೆಯದು, ಹಣ ಹೊಸದು. ಈ ಒಂದು ಹಿಂದುಮುಂದು ಹಿಡಿದುಕೊಂಡೇ ನಾನು ಯೋಚಿಸಲು ಶುರುಮಾಡಿದ್ದು.

ಮಲ್ಲಿಗೆ ಬಿಡಿಸುವುದು ನೋಡುವವರಿಗೆ ಹಗುರ ಕೆಲಸ. ಹತ್ತಿರದಿಂದ ಕಂಡರೆ ಹಾಗಲ್ಲ. ಮೊಗ್ಗು ಬಿಸಿಲಿಗೆ ಬಾಡುವ ಮೊದಲೇ ಗಿಡದಿಂದ ಬಿಡಿಸಿ ಮಂಡಿ ಮುಟ್ಟಿಸಬೇಕು. ಹೀಗಾಗಿ ಬೆಳಗಿನ ಜಾವಕ್ಕೆ ತಲೆಗೆ ಬ್ಯಾಟರಿ ಲೈಟು ಕಟ್ಟಿಕೊಂಡು ಸಾಲಿಗಿಳಿಯಬೇಕು. ಅದೇ ಕೊಂಬೆಯಲ್ಲಿ ಇಂದು ಸಂಜೆ ಅರಳುವ ಮೊಗ್ಗೂ ಇರುತ್ತದೆ, ನಾಳೆಯದೂ ಇರುತ್ತದೆ. ಬೆಳ್ಳಗೆ ತುಂಬಿಕೊಂಡದ್ದನ್ನು ತೆಗೆದು, ಹಸಿರು ಸೋಕಿದ್ದನ್ನು ಬಿಡಬೇಕು. ನಾಳೆಯದನ್ನು ಇಂದೇ ಕಿತ್ತರೆ ಮಂಡಿಯಲ್ಲಿ ದರ ಹೋಗುತ್ತದೆ, ಇಂದಿನದನ್ನು ಬಿಟ್ಟರೆ ಸಂಜೆ ಗಿಡದಲ್ಲೇ ಅರಳಿ ಹಾಳಾಗುತ್ತದೆ. ಹೊಸಬರ ಕಣ್ಣು ಇದಕ್ಕೆ ಕುದುರಲು ಒಂದು ಸುಗ್ಗಿಯಾದರೂ ಬೇಕು. ಮದುರೈ ಮಲ್ಲಿಗೆಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ನಮ್ಮ ದಿಂಡಿಗಲ್ ಜಿಲ್ಲೆಯೂ ಅದರೊಳಗೆ ಬರುತ್ತದೆ. ದಪ್ಪ ದಳ, ಬೇಗ ಬಾಡದ ಗುಣ ಎಂದು ಹೊಗಳುವಾಗ ಮಣ್ಣಿನ ಹೆಸರು ಹೇಳುತ್ತಾರೆ. ಆ ಮೊಗ್ಗನ್ನು ಸರಿಯಾದ ಹೊತ್ತಿಗೆ ಗುರುತು ಹಿಡಿಯುವ ಕೈಯ ಹೆಸರನ್ನು ಯಾರೂ ಹೇಳುವುದಿಲ್ಲ.

ನಾನು ತೋಟಕ್ಕೆ ಇಳಿದ ಕಾಲಕ್ಕೆ ನಮ್ಮ ಬೀದಿಯ ಎಲ್ಲ ತೋಟಗಳಲ್ಲೂ ಕೂಲಿ ಕಿಲೋಗೆ ಐವತ್ತು ರೂಪಾಯಿ. ಬೇಸಿಗೆಯಲ್ಲಿ ಗಿಡ ತುಂಬ ಮೊಗ್ಗಿದ್ದಾಗ ಪಳಗಿದ ಹೆಂಗಸು ಒಂದು ಬೆಳಗಿಗೆ ಮೂರು ಕಿಲೋ ಬಿಡಿಸುತ್ತಾಳೆ, ಆಗ ನೂರೈವತ್ತು ಬರುತ್ತಿತ್ತು. ಮಾರ್ಗಳಿ, ಅಂದರೆ ಧನುರ್ಮಾಸದ ಚಳಿಯಲ್ಲಿ ಅದೇ ಸಾಲು, ಅದೇ ಹೊತ್ತು, ಅದೇ ಸೊಂಟನೋವು, ಆದರೆ ಅರ್ಧ ಕಿಲೋ ಸಿಕ್ಕರೆ ಹೆಚ್ಚು. ಆಗ ಕೈಗೆ ಬರುತ್ತಿದ್ದದ್ದು ಇಪ್ಪತ್ತೈದು ರೂಪಾಯಿ.

ಈ ಲೆಕ್ಕದ ಮುಂದೆ ನಾನು ಬಹಳ ಹೊತ್ತು ಕೂತಿದ್ದೇನೆ. ಚಳಿಗೆ ಮೊಗ್ಗು ಕಡಿಮೆ. ಕಡಿಮೆಯಾದ್ದರಿಂದಲೇ ಬೆಲೆ ಆಕಾಶಕ್ಕೆ. ಮುಹೂರ್ತವೂ ಹಬ್ಬವೂ ಸೇರಿಬಂದ ಒಂದು ಜನವರಿಯಲ್ಲಿ ನಮ್ಮ ತೋಟದ ನಾಲ್ಕು ಕಿಲೋ ಹೂವಿಗೆ ಎಂಟು ಸಾವಿರದ ಮೇಲೆ ಬಂತು. ಅದನ್ನು ಬಿಡಿಸಿದವರೆಲ್ಲರಿಗೂ ಸೇರಿ ಹೋಗಬೇಕಿದ್ದದ್ದು ಇನ್ನೂರು ರೂಪಾಯಿ. ಅಂದರೆ ಹೂವು ಅತಿ ದುಬಾರಿಯಾದ ದಿನ ಬಿಡಿಸುವವಳ ಕೂಲಿ ಅತಿ ಕಡಿಮೆ. ಇಡೀ ಊರು ಇದನ್ನೇ ಪದ್ಧತಿ ಎಂದುಕೊಂಡಿತ್ತು. ಆ ತಿಂಗಳಲ್ಲಿ ಹೆಂಗಸರು ಬರಲಿಲ್ಲವೆಂದರೆ ಅದಕ್ಕೆ ಸರ್ಕಾರದ ಅಕ್ಕಿಯನ್ನು ಯಾಕೆ ಬೈಯಬೇಕು?

ನೂರು ದಿನದ ಕೆಲಸದ ಕತೆ ಇನ್ನೂ ಸೂಕ್ಷ್ಮ. ನರೇಗಾ 2006ರ ಫೆಬ್ರವರಿಯಲ್ಲಿ ದೇಶದ ಇನ್ನೂರು ಜಿಲ್ಲೆಗಳಲ್ಲಿ ಮೊದಲು ಶುರುವಾದಾಗ ತಮಿಳುನಾಡಿನ ಆರು ಜಿಲ್ಲೆಗಳಲ್ಲಿ ದಿಂಡಿಗಲ್ಲೂ ಒಂದು. ಆಗ ದಿನಕ್ಕೆ 80 ರೂಪಾಯಿ. 2024ರಲ್ಲಿ 319, 2025ರಲ್ಲಿ 336. ಕಾಗದದ ಮೇಲಿನ ಈ ದರ ಅಗೆದ ಮಣ್ಣಿನ ಅಳತೆಗೆ ತಕ್ಕಂತೆ ಕಡಿಮೆಯಾಗಿಯೂ ಕೈಸೇರುತ್ತಿತ್ತು. ನೂರು ದಿನ ಎಂದು ಹೆಸರಾದರೂ ದೇಶದಲ್ಲಿ ಒಂದು ಕುಟುಂಬಕ್ಕೆ ಸಿಗುತ್ತಿದ್ದದ್ದು ಸರಾಸರಿ ಐವತ್ತು ದಿನದ ಆಸುಪಾಸು. 2024–25ರ ಚಳಿಗಾಲದಲ್ಲಿ ತಮಿಳುನಾಡಿನಲ್ಲಿ ಈ ಕೂಲಿ ತಿಂಗಳುಗಟ್ಟಲೆ ಬಾಕಿ ಉಳಿದಿತ್ತು. ಆಗಲೂ ನಮ್ಮ ಹೆಂಗಸರು ಆ ಕೆಲಸ ಬಿಡಲಿಲ್ಲ. ತಡವಾದರೂ ಬರುತ್ತದೆ, ಗಂಡಿಗೂ ಹೆಣ್ಣಿಗೂ ಒಂದೇ ದರ, ಯಾರ ಹಂಗೂ ಇಲ್ಲ ಎನ್ನುತ್ತಿದ್ದರು.

ಮೊದಲೆಲ್ಲ ಎರಡೂ ನಡೆಯುತ್ತಿತ್ತು. ಐದಕ್ಕೆ ತೋಟಕ್ಕೆ ಬಂದು, ಹೂ ತೂಗಿ ಕೊಟ್ಟು, ಮನೆಗೆ ಹೋಗಿ ಬುತ್ತಿ ಕಟ್ಟಿಕೊಂಡು ಕೆರೆ ಹೂಳೆತ್ತುವ ಕೆಲಸಕ್ಕೆ ಸೇರಿಕೊಳ್ಳುತ್ತಿದ್ದರು. 2023ರ ಜನವರಿಯಿಂದ ಅಲ್ಲಿ ಮೊಬೈಲ್ ಆ್ಯಪಿನ ಹಾಜರಿ ಕಡ್ಡಾಯವಾಯಿತು. ಬೆಳಿಗ್ಗೆ ಒಂದು ಫೋಟೊ, ಮಧ್ಯಾಹ್ನ ಒಂದು ಫೋಟೊ. ತಡವಾಗಿ ಹೋದವಳ ದಿನವೇ ಹೋಯಿತು. ಆಯ್ಕೆ ಮಾಡಬೇಕಾಗಿ ಬಂದಾಗ ಅವರು ತೋಟ ಬಿಟ್ಟರು. ನೂರೈವತ್ತನ್ನು ಬಿಟ್ಟು ಮುನ್ನೂರನ್ನು ಹಿಡಿದವಳನ್ನು ಸೋಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಹೂವಿಗೆ ಎರಡು ಮಂಡಿ ದರ ಹೇಳಿದರೆ ನಾನೂ ಹೆಚ್ಚಿನ ದರದ ಕಡೆಗೇ ಚೀಲ ಹೊರುತ್ತೇನೆ.

ಇನ್ನು ಅಕ್ಕಿ. ತಮಿಳುನಾಡಿನಲ್ಲಿ ರೇಷನ್ ಅಕ್ಕಿ 2008ರಲ್ಲಿ ಕಿಲೋಗೆ ಒಂದು ರೂಪಾಯಿ ಆಯಿತು, 2011ರ ಜೂನ್‌ನಿಂದ ಪೂರ್ತಿ ಉಚಿತ. ಅದು ಉಚಿತವಾದ ಮೇಲೂ ಎಷ್ಟೋ ವರ್ಷ ಹೂ ಬಿಡಿಸಲು ಬೇಕಾದಷ್ಟು ಕೈಗಳಿದ್ದವು ಎಂದು ಅತ್ತೆಯೇ ಹೇಳುತ್ತಾರೆ. ನನಗೆ ತಿಳಿದುಬಂದದ್ದು ಊರಿನ ಮಾತಿಗೆ ಉಲ್ಟಾ. ದಿನಕ್ಕೆ ನೂರು-ನೂರೈವತ್ತರಲ್ಲಿ ಒಂದು ಮನೆ ನಡೆಯುತ್ತಿದ್ದುದೇ ಆ ಅಕ್ಕಿಯಿಂದ. ತಿಂಗಳ ಅಕ್ಕಿಯನ್ನು ಅಂಗಡಿ ದರಕ್ಕೆ ಕೊಳ್ಳಬೇಕಾಗಿದ್ದರೆ ನಮ್ಮ ಐವತ್ತು ರೂಪಾಯಿಯ ಕೂಲಿಗೆ ಒಬ್ಬರಿಗೂ ಬರಲಾಗುತ್ತಿರಲಿಲ್ಲ, ಬಂದರೂ ಉಳಿಯಲಾಗುತ್ತಿರಲಿಲ್ಲ. ರೇಷನ್ ಅಂಗಡಿಯ ನೆರವು ಅವಳ ಒಲೆಗೆ ಬಂದಷ್ಟೇ ನನ್ನ ತೋಟಕ್ಕೂ ಬಂದಿದೆ. ನಾನು ಕೊಡಬೇಕಾದ ಕೂಲಿಯ ಒಂದು ಪಾಲನ್ನು ಸರ್ಕಾರ ಇಷ್ಟು ವರ್ಷ ಅಕ್ಕಿಯ ರೂಪದಲ್ಲಿ ಅವಳಿಗೆ ಕೊಡುತ್ತಾ ಬಂದಿದೆ. ಈ ಮಾತನ್ನು ಮಂಡಿಯ ಕಟ್ಟೆಯ ಮೇಲೆ ಹೇಳಿದರೆ ಜನ ಸಿಟ್ಟಾಗುತ್ತಾರೆ. ಆದರೂ ಹೇಳುತ್ತೇನೆ, ಯಾಕೆಂದರೆ ನನ್ನ ವಹಿ ತೆರೆದರೆ ಕಾಣುವುದು ಇದೇ.

ನಿಜವಾಗಿ ಕಡಿಮೆಯಾದದ್ದು ಹೊಸಬರು. ನಮ್ಮ ತೋಟಕ್ಕೆ ಬರುವವರಲ್ಲಿ ನಲವತ್ತೈದರ ಕೆಳಗಿನವರು ಇಲ್ಲವೇ ಇಲ್ಲ ಎನ್ನಬಹುದು. ಅವರ ಹೆಣ್ಣುಮಕ್ಕಳಿಗೆ ಎರಡು ದಾರಿ ತೆರೆದವು. ಒಂದು, ಬೆಳಗಾಗುವ ಮೊದಲೇ ಬೀದಿ ತುದಿಗೆ ಬಂದು ನಿಲ್ಲುವ ಗಿರಣಿ ವ್ಯಾನು. ಒಂದು ಕಾಲಕ್ಕೆ ಈ ಸೀಮೆಯ ಗಿರಣಿಗಳು ‘ಸುಮಂಗಲಿ’ ಎಂಬ ಹೆಸರಿನಲ್ಲಿ ಹುಡುಗಿಯರನ್ನು ಹಾಸ್ಟೆಲಿನಲ್ಲಿಟ್ಟು ಮೂರು ವರ್ಷ ದುಡಿಸಿ, ಕೊನೆಗೆ ಮದುವೆ ಖರ್ಚಿಗೆಂದು ಇಡಿಗಂಟು ಕೊಡುವ ಪದ್ಧತಿ ಇಟ್ಟಿದ್ದವು. ತಿಂಗಳ ಸಂಬಳ ಅತಿ ಕಡಿಮೆ, ಮಧ್ಯೆ ಬಿಟ್ಟವಳಿಗೆ ಗಂಟೂ ಇಲ್ಲ. ಅದರ ವಿರುದ್ಧ ಕೂಗೆದ್ದು ಆ ಪದ್ಧತಿ ಹಿಂದೆ ಸರಿಯಿತು. ಇಂದು ನಮ್ಮ ಬೀದಿಯಿಂದ ವ್ಯಾನು ಹತ್ತುವ ಹುಡುಗಿಯರು ತಿಂಗಳ ಸಂಬಳಕ್ಕೆ, ಪಿಎಫ್‌ಗೆ, ಇಎಸ್‌ಐ ಚೀಟಿಗೆ ಹೋಗುತ್ತಾರೆ. ಹತ್ತಿಯ ದೂಳು ಕುಡಿಯುವ ಕೆಲಸ ಎಂದು ಅವರಿಗೂ ಗೊತ್ತು. ಕಾಯಿಲೆಯಾದರೆ ಆಸ್ಪತ್ರೆಗೆ ಕಾರ್ಡಿದೆ. ಅಂಥ ಒಂದು ಕಾರ್ಡನ್ನು ಹೂವಿನ ತೋಟ ಈವರೆಗೆ ಯಾರಿಗೂ ಕೊಟ್ಟಿಲ್ಲ.

ಇನ್ನೊಂದು ದಾರಿ ಓದು. ನಿಲಕ್ಕೋಟ್ಟೈಯಲ್ಲೇ ಸರ್ಕಾರಿ ಮಹಿಳಾ ಕಲಾ ಕಾಲೇಜಿದೆ. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಯರಿಗೆ 2022ರ ಸೆಪ್ಟೆಂಬರ್‌ನಿಂದ ಪುದುಮೈ ಪೆಣ್ ಯೋಜನೆಯಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಬರುತ್ತದೆ. ನಮ್ಮಲ್ಲಿ ಹೂ ಬಿಡಿಸುವ ಒಬ್ಬರ ಮಗಳು ಈಗ ಬಿಕಾಂ ಓದುತ್ತಿದ್ದಾಳೆ. ರಜೆಯಲ್ಲಿ ತಾಯಿಯ ಜೊತೆ ಬಂದು ಬೇಗ ಬೇಗ ಬಿಡಿಸಿ ಕೊಡುತ್ತಾಳೆ. ಒಮ್ಮೆ ಅವಳ ತಾಯಿಗೆ, ‘ಮಗಳಿಗೂ ಕೈ ಕೂತಿದೆಯಲ್ಲ’ ಅಂದೆ. ಅವರು ತಲೆಯೆತ್ತದೆಯೇ, ‘ಕೈ ಕೂತಿದೆ ಅಕ್ಕಾ, ಆದರೆ ಅವಳು ಇಲ್ಲಿ ಕೂರಬಾರದು’ ಅಂದರು. ಈ ಕೊರತೆ ಒಳ್ಳೆಯ ಕೊರತೆ. ಜೊತೆಗೆ ಮನೆಗೆ ಒಂದೋ ಎರಡೋ ಮಕ್ಕಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನ ಒಟ್ಟು ಫಲವತ್ತತೆ ದರ 1.8, ಕರ್ನಾಟಕದ್ದು 1.7. ಐದು ಮಕ್ಕಳಲ್ಲಿ ಮೂವರು ಕೂಲಿಗೆ ಹೋಗುತ್ತಿದ್ದ ಮನೆಗಳ ಕಾಲ ಮುಗಿಯಿತು.

ಹೀಗೆಲ್ಲ ಯೋಚಿಸಿದ ಮೇಲೆ ನಾವು ಕೂಲಿಯ ಕ್ರಮ ಬದಲಿಸಿದೆವು. ಕಾರ್ತೀಕದಿಂದ ಮಾಘದವರೆಗೆ ಕಿಲೋ ಲೆಕ್ಕ ಬೇಡ, ಬೆಳಗಿನ ನಾಲ್ಕು ಗಂಟೆಗಳ ಕೆಲಸಕ್ಕೆ ಮುನ್ನೂರು ರೂಪಾಯಿ, ಹೂವು ಎಷ್ಟಾದರೂ ಸಿಗಲಿ. ಬೇಸಿಗೆಯಲ್ಲಿ ಕಿಲೋಗೆ ಎಂಬತ್ತು, ಆದರೆ ಯಾರಿಗೂ ಇನ್ನೂರಕ್ಕೆ ಕಡಿಮೆಯಾಗಬಾರದು. ವಾರಕ್ಕೊಮ್ಮೆ ಕೊಡುತ್ತಿದ್ದದ್ದನ್ನು ನಿಲ್ಲಿಸಿ ಹೂ ತೂಗಿದ ಕೂಡಲೇ ಕೈಗೆ. ನನ್ನ ಗಂಡನಿಗೆ ಮೊದಲು ಒಪ್ಪಿಗೆಯಾಗಲಿಲ್ಲ, ಅಕ್ಕಪಕ್ಕದ ತೋಟದವರಿಗಂತೂ ಕೋಪವೇ ಬಂತು. ‘ನೀವು ಹೀಗೆ ಏರಿಸಿದರೆ ನಮ್ಮ ಗತಿ ಏನಮ್ಮಾ’ ಎಂದು ಹಿರಿಯರೊಬ್ಬರು ಮನೆ ಬಾಗಿಲಿಗೇ ಬಂದು ಕೇಳಿದರು. ಆ ಚಳಿಗಾಲ ನೂರು ದಿನದ ಕೆಲಸ ಇಲ್ಲದ ದಿನಗಳಲ್ಲಿ ಮೂವರು ಹಳಬರು ಮರಳಿದರು. ಇಬ್ಬರು ಅದು ಇದ್ದ ದಿನಗಳಲ್ಲೂ ನಮ್ಮಲ್ಲಿಗೇ ಬಂದರು. ನಮ್ಮ ಊಟಕ್ಕೆ ಅದರಿಂದ ಕಲ್ಲು ಬೀಳಲಿಲ್ಲ. ಎರಡು ಸಾವಿರದ ಹೂವಿಗೆ ಆ ಕೂಲಿ ಭಾರವಲ್ಲ.

ಭಾರವಾಗುವುದು ಏಪ್ರಿಲ್‌ನಲ್ಲಿ. ಕಿಲೋ ಇನ್ನೂರಕ್ಕೆ ಬಿದ್ದಾಗ ಎಂಬತ್ತು ಬಿಡಿಸುವವರಿಗೆ, ಮಂಡಿಯ ಕಮಿಷನ್ ನೂರಕ್ಕೆ ಹತ್ತು, ಮೇಲೆ ಗಾಡಿ ಬಾಡಿಗೆ. ಉಳಿದದ್ದರಲ್ಲಿ ಗೊಬ್ಬರ, ಔಷಧಿ, ಮೊಗ್ಗು ಕೊರೆಯುವ ಹುಳುವಿನ ಕಾಟ. ಹೂವು ಇನ್ನೂ ಹೆಚ್ಚಾದರೆ ಸೆಂಟಿನ ಫ್ಯಾಕ್ಟರಿಗಳಿಗೆ ಹೋಗುತ್ತದೆ, ಅಲ್ಲಿ ಸಿಗುವುದು ಅವರು ಹೇಳಿದ ದರ. ನ್ಯಾಯವಾದ ಕೂಲಿ ಕೊಟ್ಟರೆ ಆ ಎರಡು ತಿಂಗಳು ನಮಗೆ ನಷ್ಟ, ಸುಳ್ಳು ಹೇಳಲಾರೆ. ಚಳಿಗಾಲದ ಲಾಭದಲ್ಲಿ ಒಂದಷ್ಟನ್ನು ಬೇಸಿಗೆಯ ಕೂಲಿಗೆಂದೇ ತೆಗೆದಿಟ್ಟು ಸರಿದೂಗಿಸುತ್ತೇವೆ. ಸಾಲ ಮಾಡಿ ಗುತ್ತಿಗೆಗೆ ತೋಟ ಹಿಡಿದವರಿಗೆ ಇದು ಸಾಧ್ಯವಿಲ್ಲ, ಅವರ ಸಂಕಟ ನನಗೆ ಗೊತ್ತು. ಆದರೆ ಆ ಸಂಕಟ ಹುಟ್ಟುವುದು ಹೂವಿನ ಬೆಲೆ ಕಟ್ಟುವ ಜಾಗದಲ್ಲಿ. ಅದರ ಸಿಟ್ಟನ್ನು ರೇಷನ್ ಅಂಗಡಿಯ ಸರತಿ ಸಾಲಿನ ಮೇಲೆ ತೀರಿಸಿಕೊಳ್ಳುವುದು ಅನ್ಯಾಯ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾದ ಜಾಗಕ್ಕೆ ಹೊಸ ಕಾನೂನು ತಂದಿತು. ನೂರು ದಿನ 125 ಆಗಿದೆ, ಆದರೆ ಬಿತ್ತನೆ-ಕೊಯ್ಲಿನ ಕಾಲಕ್ಕೆ ಒಟ್ಟು 60 ದಿನ ಆ ಕೆಲಸ ನಿಲ್ಲಿಸಿಡುವ ಅಂಶವೂ ಅದರಲ್ಲಿದೆ, ರೈತರಿಗೆ ಆಳು ಸಿಗಲಿ ಎಂದು. ನಮ್ಮ ಸಾಲಿನ ತೋಟದವರಿಗೆ ಇದು ಹಿಡಿಸಿದೆ, ನನಗೆ ಹಿಡಿಸಿಲ್ಲ. ಇನ್ನೊಂದು ಬಾಗಿಲು ಮುಚ್ಚಿದ್ದರಿಂದ ನನ್ನ ತೋಟಕ್ಕೆ ಬಂದವಳು ಆ ಬಾಗಿಲು ತೆರೆದ ದಿನವೇ ಹೋಗುತ್ತಾಳೆ, ಹೊಸಬಳಿಗೆ ಮೊಗ್ಗಿನ ಗುರುತು ಕಲಿಸುವ ಮನಸ್ಸೂ ಅವಳಿಗೆ ಇರುವುದಿಲ್ಲ. ನಮಗೆ ಸರ್ಕಾರದಿಂದ ಬೇಕಾದದ್ದು ಬೇರೆ: ಸೆಂಟಿನ ಫ್ಯಾಕ್ಟರಿಗಳು ಕೊಳ್ಳುವ ಹೂವಿಗೆ, ಬಿಡಿಸುವ ಕೂಲಿಯನ್ನು ಲೆಕ್ಕಕ್ಕೆ ಹಿಡಿದು ಕಟ್ಟಿದ ಒಂದು ಕನಿಷ್ಠ ಬೆಲೆ, ಮತ್ತು ತೋಟದಲ್ಲಿ ದುಡಿಯುವ ಹೆಂಗಸಿಗೂ ಗಿರಣಿಯವಳ ಕೈಯಲ್ಲಿರುವಂಥ ಒಂದು ಆಸ್ಪತ್ರೆ ಕಾರ್ಡು. ಇದನ್ನು ಬರೆದು, ಬೀದಿಯಲ್ಲಿ ಒಪ್ಪಿದ ನಾಲ್ಕು ಮನೆಯವರ ಸಹಿ ಹಾಕಿಸಿ, ತೋಟಗಾರಿಕೆ ಇಲಾಖೆಗೆ ಕೊಡಲು ಇಟ್ಟಿದ್ದೇವೆ. ಬಾಗಿಲಿಗೆ ಬಂದು ಕೇಳಿದ್ದ ಆ ಹಿರಿಯರು ಇನ್ನೂ ಸಹಿ ಹಾಕಿಲ್ಲ. ಈ ಮಾರ್ಗಳಿಯಲ್ಲಿ ಮಾತ್ರ ಅವರೂ ಕಿಲೋ ಲೆಕ್ಕ ಬಿಟ್ಟು ಬೆಳಗಿಗೆ ಇನ್ನೂರೈವತ್ತು ಕೊಡತೊಡಗಿದ್ದಾರೆ.