ಸಣ್ಣ ವೇಪ್ ಸಾಲದು, ಗಟ್ಟಿಯದು ತರಿಸೋಣವೇ?
ಹಿರಿಯರಿಗೊಂದು ಪಾಠ



ಮಕ್ಕಳು ಮೊಮ್ಮಕ್ಕಳನ್ನು ನೋಡಲು ಅಲ್ ಗುಬ್ರಾಕ್ಕೆ ಬಂದಿರುವ ನಿಮಗೆ ಬಿಪಿ, ಶುಗರ್, ಮಂಡಿನೋವಿನ ಬಗ್ಗೆ ಬೇರೆ ಹಾಳೆಗಳನ್ನು ಕೊಟ್ಟಿದ್ದೇವೆ. ಈ ಹಾಳೆ ಸ್ವಲ್ಪ ಸಂಕೋಚದ ವಿಷಯದ್ದು. ದೇವಸ್ಥಾನದ ಶಿಬಿರದಲ್ಲಿ ಇದನ್ನು ಬಾಯಿಬಿಟ್ಟು ಕೇಳಲು ಹಲವರಿಗೆ ನಾಚಿಕೆ. ಅದಕ್ಕೇ ಬರೆದು ಕೊಡುತ್ತಿದ್ದೇವೆ. ಮನೆಗೆ ಹೋಗಿ ನಿಧಾನವಾಗಿ ಓದಿ.

ಹೀಗೊಂದು ಮನೆ ಎಂದು ಇಟ್ಟುಕೊಳ್ಳಿ. ತಂದೆ ಊರಿನಲ್ಲಿ ನಲವತ್ತು ವರ್ಷ ಬೀಡಿ ಸೇದಿದವರು. ಇಲ್ಲಿ ಫ್ಲ್ಯಾಟ್, ಕಿಟಕಿ ಮುಚ್ಚಿ ಎ.ಸಿ. ಹಾಕಿದ ಕೋಣೆ, ಮನೆತುಂಬ ಮೊಮ್ಮಕ್ಕಳು. ಬೀಡಿ ಹಚ್ಚುವಂತಿಲ್ಲ. ಯಾರೋ ಪರಿಚಯದವರು ಪೆನ್ನಿನಷ್ಟು ಸಣ್ಣ ವೇಪ್ ಒಂದನ್ನು ತಂದುಕೊಟ್ಟರು. ಬೀಡಿ ಕಡಿಮೆಯಾಯಿತು, ನಿಜ. ಆದರೆ ಆ ಸಣ್ಣ ಯಂತ್ರ ಜೇಬಿನಲ್ಲಿ ಸೋರುತ್ತದೆ, ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ, ಕೈ ನಡುಗಿ ಬಿದ್ದು ಅದರ ಮೂತಿ ಸೀಳಿದೆ. "ಬಿದ್ದರೂ ಒಡೆಯದ, ನೀರೂ ಹೋಗದ ದೊಡ್ಡದು ಸಿಗುತ್ತದಂತೆ. ತರಿಸಿಬಿಡೋಣವೇ?" ಎನ್ನುವುದು ಈಗಿನ ಪ್ರಶ್ನೆ.

ಉತ್ತರ ಮೊದಲೇ ಹೇಳುತ್ತೇವೆ: ಬೇಡ. ಯಾಕೆ ಬೇಡ, ಅದರ ಬದಲು ಏನು ಮಾಡಬೇಕು ಎನ್ನುವುದೇ ಇಂದಿನ ಪಾಠ.

1. ಯಂತ್ರದ ಒಳಗೆ ಏನಿದೆ?

ದೀಪದ ಹಣತೆಯನ್ನು ನೆನೆದುಕೊಳ್ಳಿ. ಎಣ್ಣೆ ಇದೆ, ಬತ್ತಿ ಅದನ್ನು ಹೀರುತ್ತದೆ, ತುದಿಯಲ್ಲಿ ಬೆಂಕಿ ಇದೆ. ವೇಪ್‌ನಲ್ಲಿಯೂ ಹೀಗೆಯೇ, ಬೆಂಕಿ ಒಂದಿಲ್ಲ. ಎಣ್ಣೆಯ ಜಾಗದಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಎಂಬ ಎರಡು ದ್ರವಗಳು, ಅವುಗಳಲ್ಲಿ ಕರಗಿಸಿದ ನಿಕೋಟಿನ್ ಮತ್ತು ಪರಿಮಳ. ಬತ್ತಿಯ ಜಾಗದಲ್ಲಿ ಹತ್ತಿ. ಬೆಂಕಿಯ ಬದಲು ಬ್ಯಾಟರಿಯಿಂದ ಕಾಯುವ ತಂತಿಯ ಸುರುಳಿ. ದ್ರವ ಕಾದು ಆವಿಯಾಗುತ್ತದೆ, ಆ ಆವಿಯನ್ನು ಒಳಗೆ ಎಳೆದುಕೊಳ್ಳುತ್ತಾರೆ. ಇಂದಿನ ರೂಪದ ಇ-ಸಿಗರೇಟನ್ನು 2003ರ ಸುಮಾರಿಗೆ ಚೀನಾದಲ್ಲಿ ಹೊನ್ ಲಿಕ್ ಎಂಬ ಔಷಧತಜ್ಞರು ರೂಪಿಸಿದರು. ಅವರೂ ಸಿಗರೇಟು ಸೇದುತ್ತಿದ್ದವರೇ.

ನಿಕೋಟಿನ್ ಎಂದರೆ ತಂಬಾಕಿನ ಎಲೆಯಲ್ಲಿರುವ ಚಟದ ವಸ್ತು. ನಿಪ್ಪಾಣಿಯ ಬೀಡಿ ತಂಬಾಕಿನಲ್ಲಿ, ಹುಣಸೂರು ಪಿರಿಯಾಪಟ್ಟಣಗಳ ಸಿಗರೇಟು ತಂಬಾಕಿನಲ್ಲಿ ಇರುವುದೂ ಅದೇ. ಮಾವಿನ ಹಣ್ಣಿನ ಪರಿಮಳ ಬಂದಿತೆಂದು ಅದು ಬೇರೆ ವಸ್ತುವಾಗುವುದಿಲ್ಲ.

2. ಸಣ್ಣದಕ್ಕೂ ದೊಡ್ಡದಕ್ಕೂ ವ್ಯತ್ಯಾಸ

ಅಂಗಡಿಯವರು "ಗಟ್ಟಿ" ಎನ್ನುವುದು ಹೊರಗಿನ ಕವಚವನ್ನು. ಐಪಿ 67 ಎಂದು ಬರೆದಿದ್ದರೆ ಧೂಳು ಒಳಹೋಗದು, 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ಕೆಡದು ಎಂದರ್ಥ. ಆದರೆ ಕವಚದ ಜೊತೆಗೆ ಒಳಗಿನ ಶಕ್ತಿಯೂ ಬದಲಾಗುತ್ತದೆ. ಅದನ್ನು ಯಾರೂ ಹೇಳುವುದಿಲ್ಲ.

ಬ್ಯಾಟರಿಯ ಒತ್ತಡ 3.7 ವೋಲ್ಟ್ ಎಂದು ಇಟ್ಟುಕೊಂಡು ಲೆಕ್ಕ ಹಾಕೋಣ. ಸಣ್ಣ ಯಂತ್ರದ ಸುರುಳಿಯ ರೋಧ 1.2 ಓಮ್ ಇದ್ದರೆ ಹರಿಯುವ ಶಕ್ತಿ ಸುಮಾರು 11 ವಾಟ್. ದೊಡ್ಡದರಲ್ಲಿ ರೋಧ 0.2 ಓಮ್ ಇದ್ದರೆ ಸುಮಾರು 68 ವಾಟ್. ದೇವರ ಕೋಣೆಯ ಹಳೆಯ ಜೀರೋ ಬಲ್ಬಿಗೂ ನಡುಮನೆಯ 60 ವಾಟ್ ಬಲ್ಬಿಗೂ ಇರುವಷ್ಟು ಅಂತರ. ಹೆಚ್ಚು ಶಕ್ತಿ ಎಂದರೆ ಹೆಚ್ಚು ಆವಿ. ಹೆಚ್ಚು ಆವಿ ಎಂದರೆ ಒಂದೊಂದು ಎಳೆತಕ್ಕೂ ಹೆಚ್ಚು ನಿಕೋಟಿನ್.

ಇನ್ನೊಂದು ಲೆಕ್ಕ. ದ್ರವದ ಬಾಟಲಿಯ ಮೇಲೆ 20 ಎಂದು ಬರೆದಿದ್ದರೆ ಪ್ರತಿ ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ಎಂದರ್ಥ. ಸಣ್ಣ ಯಂತ್ರದಲ್ಲಿ 2 ಮಿ.ಲೀ. ಹಿಡಿದರೆ ಒಟ್ಟು 40 ಮಿ.ಗ್ರಾಂ. ದೊಡ್ಡದರಲ್ಲಿ 5 ಮಿ.ಲೀ. ಹಿಡಿದರೆ 100 ಮಿ.ಗ್ರಾಂ. ಒಂದು ಸಿಗರೇಟು ಸೇದಿದಾಗ ಮೈಗೆ ಸೇರುವುದು ಸುಮಾರು 1ರಿಂದ 2 ಮಿ.ಗ್ರಾಂ ಮಾತ್ರ. ದೊಡ್ಡ ಯಂತ್ರಕ್ಕೆ 3 ಅಥವಾ 6ರ ತೆಳು ದ್ರವ ಹಾಕುವುದು ವಾಡಿಕೆ. ಗೊತ್ತಿಲ್ಲದೆ ಹಳೆಯ ಕಡು ದ್ರವವನ್ನೇ ಅದಕ್ಕೆ ಸುರಿದರೆ ತಲೆ ಸುತ್ತು, ವಾಕರಿಕೆ, ಬೆವರು, ಎದೆ ಡವಡವ ಶುರುವಾಗಬಹುದು. ಇಪ್ಪತ್ತೈದರ ಹುಡುಗ ಅದನ್ನು ತಡೆದುಕೊಂಡಾನು. ಬಿಪಿ ಮಾತ್ರೆ ನುಂಗುವ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಎಪ್ಪತ್ತರ ಹಿರಿಯರ ಮಾತು ಬೇರೆ. ನಿಕೋಟಿನ್ ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ, ರಕ್ತನಾಳಗಳನ್ನು ಬಿಗಿಮಾಡುತ್ತದೆ.

ಹತ್ತಿ ಒಣಗಿದಾಗ, ಸುರುಳಿ ಮಿತಿಮೀರಿ ಕಾದಾಗ ಇನ್ನೊಂದು ತೊಂದರೆ. ಆ ದ್ರವಗಳು ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ಶ್ವಾಸನಾಳ ಸುಡುವ ವಸ್ತುಗಳಾಗುತ್ತವೆ. ಸುರುಳಿಯಿಂದ ನಿಕ್ಕಲ್, ಕ್ರೋಮಿಯಂನಂಥ ಲೋಹದ ಕಣಗಳೂ ಆವಿಗೆ ಸೇರಬಹುದು.

ಗಟ್ಟಿಯಾಗಿರುವುದು ಯಂತ್ರ. ನಮ್ಮ ಶ್ವಾಸಕೋಶ ಮೊದಲಿನದ್ದೇ.

3. "ಬೀಡಿಗಿಂತ ಒಳ್ಳೆಯದಲ್ಲವೇ?"

ಇದು ನ್ಯಾಯವಾದ ಪ್ರಶ್ನೆ, ನೇರವಾಗಿಯೇ ಉತ್ತರ ಹೇಳಬೇಕು. ಬೀಡಿ ಸಿಗರೇಟಿನಲ್ಲಿ ಎಲೆ ಸುಡುತ್ತದೆ. ಟಾರ್, ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದು ಆ ಸುಡುವಿಕೆಯಿಂದ. ವೇಪ್‌ನಲ್ಲಿ ಸುಡುವಿಕೆ ಇಲ್ಲದ್ದರಿಂದ ಇವು ಬಹಳ ಕಡಿಮೆ. ಬ್ರಿಟನ್ನಿನಲ್ಲಿ ಸಿಗರೇಟು ಬಿಡಲಾಗದವರಿಗೆ ವೈದ್ಯರೇ ವೇಪ್ ಸೂಚಿಸುವುದುಂಟು. ಆದರೆ ಅಲ್ಲಿ ಕಾನೂನಿನ ಕಾವಲು ಇದೆ: ದ್ರವದಲ್ಲಿ ನಿಕೋಟಿನ್ 20 ಮಿ.ಗ್ರಾಂ ಮೀರುವಂತಿಲ್ಲ, ತೊಟ್ಟಿ 2 ಮಿ.ಲೀ. ಮೀರುವಂತಿಲ್ಲ. ಅದೂ ಸಿಗರೇಟನ್ನು ಪೂರ್ತಿ ಬಿಟ್ಟರೆ ಮಾತ್ರ ಲಾಭ. ಬೆಳಿಗ್ಗೆ ಮನೆಯಲ್ಲಿ ವೇಪ್, ಸಂಜೆ ವಾಕಿಂಗ್‌ನಲ್ಲಿ ಬೀಡಿ ಎಂದರೆ ಎರಡರ ಕೆಡುಕೂ ಮೈಗೇ.

ಇಲ್ಲಿ ಗುಟ್ಟಾಗಿ ಕೈಯಿಂದ ಕೈಗೆ ಬರುವ ದ್ರವದಲ್ಲಿ ಏನಿದೆ ಎಂದು ಹೊಣೆ ಹೊರುವವರು ಯಾರೂ ಇಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರ ಶ್ವಾಸಕೋಶಗಳು ಏಕಾಏಕಿ ಹಾಳಾಗತೊಡಗಿದವು. 2020ರ ಫೆಬ್ರವರಿಯ ಹೊತ್ತಿಗೆ 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ದರು, 68 ಜನ ತೀರಿಕೊಂಡಿದ್ದರು. ಹೆಚ್ಚಿನವರು ಬಳಸಿದ್ದು ಗಾಂಜಾದ ಸತ್ತ್ವ ಸೇರಿಸಿದ ಕಳ್ಳದ್ರವ. ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣವೆಂದು ಕಂಡುಬಂತು. ಮೂಲ ಗೊತ್ತಿಲ್ಲದ ಬಾಟಲಿಯನ್ನು ನಂಬಬಾರದು ಎನ್ನಲು ಇಷ್ಟು ಸಾಕು.

4. ಕಾನೂನು: ಇಲ್ಲಿಯೂ ಇಲ್ಲ, ಊರಿನಲ್ಲಿಯೂ ಇಲ್ಲ

ಒಮಾನಿನ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2015ರಲ್ಲಿಯೇ ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿತು. 2023ರಲ್ಲಿ ಹೊಸ ಆದೇಶ ಹೊರಡಿಸಿ ಯಂತ್ರ, ಅದರ ಬಿಡಿಭಾಗ ಎಲ್ಲದರ ಚಲಾವಣೆಯನ್ನೂ ತಡೆಯಿತು. ಕರ್ನಾಟಕ ಸರ್ಕಾರ 2016ರಲ್ಲಿ ಇವುಗಳ ಮಾರಾಟ ನಿಷೇಧಿಸಿತು. 2019ರಲ್ಲಿ ಭಾರತದಾದ್ಯಂತ ಕಾಯ್ದೆಯೇ ಬಂತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅದರಡಿ ಅಪರಾಧ. ಆಮದಿಗೆ ಮೊದಲ ಸಲವೇ ಒಂದು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದ್ದರಿಂದ ಊರಿಗೆ ಮರಳುವಾಗ "ಇದೊಂದು ಪೆನ್ನಿನಷ್ಟು ತಾನೇ" ಎಂದು ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳಬೇಡಿ. "ಅಂಕಲ್, ಊರಲ್ಲಿ ನಮ್ಮ ತಮ್ಮನಿಗೆ ಕೊಟ್ಟುಬಿಡಿ" ಎಂದು ಯಾರಾದರೂ ಪೊಟ್ಟಣ ಕೊಟ್ಟರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಮಂಗಳೂರಿನಲ್ಲಿ ಇಳಿದಾಗ ಕಸ್ಟಮ್ಸ್‌ನವರ ಮುಂದೆ ನಿಲ್ಲುವವರು ನೀವು, ಅವರಲ್ಲ. ಜಗಿಯುವ ತಂಬಾಕಿನ ಮಾರಾಟವೂ ಒಮಾನಿನಲ್ಲಿ ನಿಷಿದ್ಧ. ಮುಂದಿನ ಸಲ ಬರುವಾಗ ಎಲೆಯಡಿಕೆಯ ಚೀಲದಲ್ಲಿ ಹೊಗೆಸೊಪ್ಪು, ಗುಟ್ಕಾ ತರಬೇಡಿ.

5. ಮನೆಯಲ್ಲಿ ಈಗಾಗಲೇ ಇದ್ದರೆ

ಮೊಮ್ಮಕ್ಕಳ ವಿಷಯ ಮೊದಲು. ಈ ದ್ರವ ಸಿಹಿವಾಸನೆಯ ವಿಷ. 2014ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ನಿಕೋಟಿನ್ ದ್ರವ ಕುಡಿದು ತೀರಿಕೊಂಡಿತು. ದಿಂಬಿನ ಕೆಳಗೆ, ಟಿವಿ ಪಕ್ಕ, ಅಂಗಿಯ ಜೇಬಿನಲ್ಲಿ ಇಡಬೇಡಿ. ಮಗು ಕುಡಿದಿದೆ ಎಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗಬೇಡಿ. ತಕ್ಷಣ 9999ಕ್ಕೆ ಕರೆ ಮಾಡಿಸಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಚರ್ಮದ ಮೇಲೆ ಚೆಲ್ಲಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ.

ಎರಡನೆಯದು ಬ್ಯಾಟರಿ. ದೊಡ್ಡ ಯಂತ್ರಗಳಲ್ಲಿ ಹೆಚ್ಚಾಗಿ 18650 ಎಂಬ ಬಿಡಿ ಬ್ಯಾಟರಿ ಇರುತ್ತದೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಕೀಲಿಕೈ, ಚಿಲ್ಲರೆ ಕಾಸಿನ ಜೊತೆ ಜೇಬಿನಲ್ಲಿ ಹಾಕಿದರೆ ಅದರ ಎರಡು ತುದಿ ಕೂಡಿ ಕ್ಷಣದಲ್ಲಿ ಕಾದು ಹೊತ್ತಿಕೊಳ್ಳಬಹುದು. ಮಸ್ಕತ್ತಿನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡುವುದಂತೂ ಕೂಡದು. ಉಬ್ಬಿದ, ಹೊದಿಕೆ ಹರಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ.

6. ಹಾಗಾದರೆ ದಾರಿ ಯಾವುದು?

ಸಣ್ಣ ಯಂತ್ರ ಸಾಲದು ಎಂದು ಅನಿಸಿದ್ದು ಒಂದು ಸೂಚನೆ. ಯಂತ್ರ ಚಿಕ್ಕದಾಯಿತು ಎಂದಲ್ಲ, ಮೈ ಕೇಳುವ ನಿಕೋಟಿನ್ ದೊಡ್ಡದಾಯಿತು ಎಂದು. ಆ ಹಂಬಲಕ್ಕೆ ಔಷಧವಿದೆ.

ನಿಕೋಟಿನ್ ಗಮ್ 2 ಮತ್ತು 4 ಮಿ.ಗ್ರಾಂಗಳಲ್ಲಿ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕೆನ್ನುವವರಿಗೆ ಸಾಮಾನ್ಯವಾಗಿ 4. ಚೂಯಿಂಗ್ ಗಮ್ಮಿನಂತೆ ಜಗಿಯುತ್ತಲೇ ಇರಬಾರದು. ಚುರುಗುಟ್ಟುವವರೆಗೆ ಜಗಿದು ಕೆನ್ನೆಯ ಒಳಬದಿಗೆ ಇಟ್ಟುಕೊಳ್ಳಬೇಕು, ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು, ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಕಾಫಿ, ಟೀ, ಹಣ್ಣಿನ ರಸ ಬೇಡ. ಕಟ್ಟಿಸಿದ ಹಲ್ಲು ಇರುವವರಿಗೆ ಗಮ್ ಅಂಟಿಕೊಳ್ಳುತ್ತದೆ. ಅಂಥವರು ಚರ್ಮಕ್ಕೆ ಅಂಟಿಸುವ ಪಟ್ಟಿಯ ಬಗ್ಗೆ ಕೇಳಿ. ವೈದ್ಯರು ಬರೆದುಕೊಡುವ ಮಾತ್ರೆಗಳೂ ಇವೆ. ಇತ್ತೀಚೆಗೆ ಹೃದಯಾಘಾತವಾದವರು, ಮೂತ್ರಪಿಂಡದ ತೊಂದರೆ ಇರುವವರು ಯಾವುದನ್ನೂ ತಾವಾಗಿಯೇ ಶುರುಮಾಡಬಾರದು.

ಇನ್ನೊಂದು ಮಾತು ಹಲವರಿಗೆ ಗೊತ್ತಿರುವುದಿಲ್ಲ. ದಮ್ಮಿಗೆ ಥಿಯೋಫಿಲಿನ್ ಇರುವ ಮಾತ್ರೆ ತೆಗೆದುಕೊಳ್ಳುವವರು ಬೀಡಿ ಬಿಟ್ಟಾಗ, ಅದೇ ಮಾತ್ರೆಯ ಅಂಶ ರಕ್ತದಲ್ಲಿ ಏರುತ್ತದೆ. ಹೊಗೆ ಆ ಔಷಧವನ್ನು ಬೇಗ ಕರಗಿಸುತ್ತಿತ್ತು, ಈಗ ಹೊಗೆ ಇಲ್ಲ. ವಾಕರಿಕೆ, ಎದೆಬಡಿತ ಬಂದೀತು. ಬಿಡುವ ಮೊದಲೇ ವೈದ್ಯರಿಗೆ ತಿಳಿಸಿದರೆ ಮಾತ್ರೆಯ ಪ್ರಮಾಣ ಸರಿಮಾಡುತ್ತಾರೆ. ಬೀಡಿಯಿಂದ ವೇಪ್‌ಗೆ ಹೋದವರಿಗೂ ಇದು ಅನ್ವಯ.

ಊರಿಗೆ ಹೋದ ಮೇಲೆ ತಂಬಾಕು ಬಿಡಲು ನೆರವಾಗುವ ಭಾರತದ ಉಚಿತ ದೂರವಾಣಿ 1800 11 2356. 2018ರಿಂದ ಬೀಡಿ, ಸಿಗರೇಟು ಪೊಟ್ಟಣದ ಮೇಲೆಯೇ ಈ ಸಂಖ್ಯೆ ಅಚ್ಚಾಗಿರುತ್ತದೆ.

ಬಿಟ್ಟರೆ ಈ ವಯಸ್ಸಿನಲ್ಲಿ ಏನು ಲಾಭ ಎನ್ನಬೇಡಿ. ಕೊನೆಯ ಬೀಡಿ ಆರಿಸಿ 20 ನಿಮಿಷದಲ್ಲಿ ನಾಡಿ, ಬಿಪಿ ಇಳಿಯತೊಡಗುತ್ತವೆ. 12 ಗಂಟೆಯಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಹಜ ಮಟ್ಟಕ್ಕೆ ಬರುತ್ತದೆ. ಕೆಲವು ತಿಂಗಳಲ್ಲಿ ಕೆಮ್ಮು, ಏದುಸಿರು ಕಡಿಮೆಯಾಗುತ್ತವೆ. ಒಂದು ವರ್ಷದಲ್ಲಿ ಹೃದ್ರೋಗದ ಅಪಾಯ ಸೇದುವವರ ಅರ್ಧಕ್ಕೆ ಇಳಿಯುತ್ತದೆ. ಏಕಾದಶಿಯ ದಿನ ಪೂಜೆ ಮುಗಿಯುವವರೆಗೆ ಬೀಡಿ ಮುಟ್ಟದೆ ಇರುವವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಆ ಅರ್ಧ ದಿನದ ಶಕ್ತಿ ನಿಮ್ಮಲ್ಲಿ ಆಗಲೇ ಇದೆ. ಅದನ್ನು ಸಂಜೆಯವರೆಗೆ, ಮರುದಿನದವರೆಗೆ ಎಳೆಯುವುದೇ ಸಾಧನೆ.

7. ಶಿಬಿರದಲ್ಲಿ ವೈದ್ಯರಿಗೆ ಹೇಳಬೇಕಾದ ಐದು ಮಾತು

• ದಿನಕ್ಕೆ ಎಷ್ಟು ಬೀಡಿ ಅಥವಾ ಸಿಗರೇಟು, ಎಷ್ಟು ವರ್ಷದಿಂದ.
• ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಬೇಕಾಗುತ್ತದೆ.
• ವೇಪ್ ಬಳಸುತ್ತಿದ್ದರೆ ಬಾಟಲಿಯ ಮೇಲಿನ ಅಂಕಿ ಎಷ್ಟು.
• ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳು. ಹೆಸರು ನೆನಪಿಲ್ಲದಿದ್ದರೆ ಖಾಲಿ ಸ್ಟ್ರಿಪ್‌ಗಳನ್ನೇ ತನ್ನಿ.
• ಎದೆನೋವು, ಏದುಸಿರು, ಕಾಲಿನ ನೋವು ಇದೆಯೇ.

ಎದೆ ಹಿಡಿದಂತಾಗಿ ಬೆವರಿದರೆ, ಉಸಿರು ಕಟ್ಟಿದರೆ ಶಿಬಿರದ ದಿನಕ್ಕಾಗಿ ಕಾಯಬೇಡಿ. ಮಗನಿಗೆ ಆಫೀಸಿನಲ್ಲಿ ತೊಂದರೆ ಎಂದು ಸುಮ್ಮನಿರಲೂ ಬೇಡಿ. 9999 ನೆನಪಿಡಿ.

ತಾಯಂದಿರಿಗೊಂದು ಕೋರಿಕೆ. ಯಜಮಾನರು ಹೇಳಲು ಹಿಂಜರಿದರೆ ನೀವೇ ಜೊತೆಗೆ ಬನ್ನಿ. ನಮ್ಮ ಮೇಜಿನ ಬಳಿ ಬೈಯುವವರು ಯಾರೂ ಇಲ್ಲ. ಮಕ್ಕಳಿಗೆ ಹೇಳಬೇಡಿ ಎಂದರೆ ನಾವು ಹೇಳುವುದೂ ಇಲ್ಲ. ಆದರೆ ನೀವೇ ಹೇಳಿದರೆ ಒಳ್ಳೆಯದು, ಬಿಡುವ ಕೆಲಸಕ್ಕೆ ಮನೆಯವರ ಬಲ ಬೇಕು. ದೊಡ್ಡ ಯಂತ್ರಕ್ಕೆಂದು ಮಗ ಎತ್ತಿಟ್ಟ ರಿಯಾಲ್‌ಗಳಲ್ಲಿ ಮೊಮ್ಮಕ್ಕಳಿಗೆ ಏನಾದರೂ ಕೊಂಡುಕೊಡಿ.