ಮುದುಕ ಮರೆತ ಮೂರನೆಯ ಸಾಮಾನು

2017ರಲ್ಲಿ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಆಟದ ಶುರುವಿನಲ್ಲೇ ಒಬ್ಬ ಮುದುಕ ಸಿಗುತ್ತಾನೆ. ಅವನ ಗುಡಿಸಲಲ್ಲೊಂದು ದಿನಚರಿ. ತನಗಿಷ್ಟವಾದ ಖಾರದಡುಗೆಗೆ ಮಾಂಸ, ಮೆಣಸಿನಕಾಯಿ ಬೇಕೆಂದು ಬರೆದಿದ್ದಾನೆ. ಇನ್ನೊಂದು ಸಾಮಾನು ಮರೆತೇಹೋಗಿದೆ. ಅದೊಂದು ಮೀನು. ಕಂಡುಹಿಡಿದು ಅಡುಗೆ ಮಾಡಿಕೊಟ್ಟರೆ ಹಿಮದ ಬೆಟ್ಟ ಹತ್ತಲು ಬೆಚ್ಚನೆಯ ಅಂಗಿ ಕೊಡುತ್ತಾನೆ.

ಈ ಆಟದ ಹುಚ್ಚು ಹಿಡಿಸಿದ್ದು ರಜೆಗೆಂದು ಬೆಂಗಳೂರಿಗೆ ಬಂದ ಅಕ್ಕನ ಮಗ. ಅದರ ಕತ್ತಿವರಸೆ ನನಗೆ ಇವತ್ತಿಗೂ ಅಷ್ಟಕ್ಕಷ್ಟೆ. ಅಡುಗೆ ಮಾತ್ರ ಒಗ್ಗಿತು. ಒಲೆಯ ಮೇಲಿನ ಪಾತ್ರೆಗೆ ಒಂದು ಸಲಕ್ಕೆ ಐದು ಸಾಮಾನಿನವರೆಗೆ ಹಾಕಬಹುದು. ಅಕ್ಕಿಗೆ ಗೊರಾನ್ ಮಸಾಲೆ ಸೇರಿದರೆ ಕರಿ ಅನ್ನ, ಖಾರದ ಮೆಣಸಿನಕಾಯಿ ಬಿದ್ದರೆ ಚಳಿ ತಡೆಯುವ ಶಕ್ತಿ. ಹೊಂದದ್ದನ್ನು ಹಾಕಿದರೆ ಸಿಗುವುದು ಅನುಮಾನದ ಮುದ್ದೆ. ಅದರ ಚಿತ್ರವನ್ನೂ ಮಸುಕು ಮಾಡಿ ತೋರಿಸುತ್ತಾರೆ. (ಆದೋನಿಯ ಬೇಸಿಗೆ ಕಂಡವನಿಗೆ ಮೆಣಸಿನಕಾಯಿಯಿಂದ ಚಳಿ ಬಿಡುವುದು ದೊಡ್ಡ ವರವೇನಲ್ಲ. ನಮ್ಮಲ್ಲಿ ಸುಡುಬಿಸಿಲಿನಲ್ಲೂ ಮಿರ್ಚಿಬಜ್ಜಿಯ ಬಂಡಿ ನಿಲ್ಲುವುದಿಲ್ಲ.)

ಆದೋನಿ ಬಳಿಯ ಪೆದ್ದಹರಿವಾಣದಲ್ಲಿರುವ ಅತ್ತೆಗೆ ಫೋನು ಮಾಡಿ ಉಗ್ಗಾಣಿ ಮಾಡುವುದು ಹೇಗೆಂದು ಕೇಳಿದಾಗ ಈ ಮುದುಕ ನೆನಪಾದ. ಅತ್ತೆ ಹೇಳಿದ್ದು ಮಂಡಕ್ಕಿ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ, ನಿಂಬೆಹಣ್ಣು. “ಇನ್ನೇನು ಬಿಟ್ಟಿ ಅತ್ತಿ?” ಅಂದೆ.

“ಪುಠಾಣಿ ಪುಡಿನೂ ಹೇಳ್ಬೇಕೇನು? ಅದಿಲ್ದ ಯಾರು ಮಾಡ್ತಾರ?”

ಮುದುಕನದು ಮರೆವು. ಅತ್ತೆಯದು ಮರೆವಲ್ಲ, ಅದು ಎಲ್ಲರಿಗೂ ಗೊತ್ತೇ ಇರುತ್ತದೆಂಬ ನಂಬಿಕೆ. ಮನೆಯ ಅಡುಗೆ ಬರೆದುಕೊಳ್ಳುವಾಗ ನಾನೀಗ ಸಾಮಾನಿನ ಪಟ್ಟಿ ಮುಗಿದ ಮೇಲೂ ಪೆನ್ನು ಕೆಳಗಿಡುವುದಿಲ್ಲ.

ಆದರೆ ಆಟದ ಪಾತ್ರೆಗೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದಿಲ್ಲ. ಎಲ್ಲ ಒಟ್ಟಿಗೆ ಬೀಳುತ್ತವೆ, ಒಂದು ರಾಗ ಮೊಳಗುತ್ತದೆ, ಊಟ ಸಿದ್ಧ. ಉಗ್ಗಾಣಿಯ ಕೆಲಸವೆಲ್ಲ ಇರುವುದೇ ಹಿಂದುಮುಂದಿನಲ್ಲಿ. ಒಗ್ಗರಣೆ ಸಿದ್ಧವಾಗುವ ಮೊದಲೇ ಮಂಡಕ್ಕಿ ತೋಯಿಸಿದರೆ ಅದು ಕಾಯುತ್ತ ಕೂತು ಮೆತ್ತಗಾಗುತ್ತದೆ. ಎಷ್ಟು ಹೊತ್ತು ನೆನೆಸಬೇಕು ಎಂದರೆ ಅತ್ತೆ, “ನೆನೆಸದಲ್ಲಪ್ಪ, ಮುಳುಗ್ಸಿ ತಗದು ಹಿಂಡದು” ಎಂದರು. ಹಿಂಡುವುದೂ ಅಂಗೈಯೊಳಗೆ ಹಿಡಿದು, ಕಾಳು ನುರಿಯದಷ್ಟು. ಒಗ್ಗರಣೆಯಲ್ಲಿ ಅದನ್ನು ಹೊರಳಿಸಿ, ಕೊನೆಗೆ ಪುಠಾಣಿ ಪುಡಿ ಉದುರಿಸಬೇಕು. ಉಳಿದ ತೇವವನ್ನು ಅದು ಹೀರಿಕೊಂಡು ಅಗುಳು ಬಿಡಿಬಿಡಿಯಾಗುತ್ತದೆ. ನಿಂಬೆ ಹಿಂಡುವುದು ಉರಿ ಆರಿಸಿದ ಮೇಲೆ.

ಇದೇ ತಿಂಡಿ ಬಳ್ಳಾರಿಯಲ್ಲೂ ಮಿರ್ಚಿಯ ಜೊತೆಗೇ ಸಿಗುತ್ತದೆ. 1953ರ ಅಕ್ಟೋಬರ್ 1ರವರೆಗೆ ಆದೋನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕೇ ಆಗಿತ್ತು. ಆ ದಿನ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಾಣಲೆಗೆ ಆ ಗಡಿ ಇನ್ನೂ ತಿಳಿದಂತಿಲ್ಲ.

2023ರಲ್ಲಿ ಬಂದ ಮುಂದಿನ ಕಂತು, ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’, ಮಾಡಿದ ಅಡುಗೆಯನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುತ್ತದೆ. ಅಕ್ಕನ ಮಗನಿಗೆ ಇದು ದೊಡ್ಡ ಅನುಕೂಲ. ನನಗೆ ಮೊದಲಿನದೇ ಇಷ್ಟ. ಅದರಲ್ಲಿ ಯಾವುದಕ್ಕೆ ಯಾವುದು ಸೇರಿತೆಂದು ನಾವೇ ನೆನಪಿಟ್ಟುಕೊಳ್ಳಬೇಕಿತ್ತು, ಇಲ್ಲವೇ ಮಾಡಿಟ್ಟ ಊಟವನ್ನು ಒತ್ತಿ ನೋಡಿ ತಿಳಿಯಬೇಕಿತ್ತು. ಹುಡುಗ ಅದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದ. ಅದರ ಖಾಲಿ ಹಾಳೆಗಳಲ್ಲಿ ಈಗ ಅತ್ತೆಯ ಅಡುಗೆಗಳಿವೆ. ಪುಠಾಣಿ ಪುಡಿಯ ಅಳತೆಯ ಜಾಗ ಇನ್ನೂ ಖಾಲಿ. ಎಷ್ಟು ಎಂದರೆ “ನೋಡ್ಕೆಂಡು ಹಾಕು” ಅನ್ನುತ್ತಾರೆ.